ಹಬೆಗೆ ಇಡುವ ಮುನ್ನ

ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು ಬ್ರಷ್ಷಿನ ವಿಚಾರ. ಯಾವ ನಂಬರಿನದು, ಯಾವ ಕೂದಲಿನದು, ಎಲ್ಲಿ ಸಿಗುತ್ತದೆ. ಬ್ರಷ್ಷು ಯಾವುದಾದರೂ ನಡೆಯುತ್ತದೆ, ಹೆದರಿಕೆ ಮಾತ್ರ ಗಟ್ಟಿ ಇರಬೇಕು ಎಂದರೆ ನಗುತ್ತಾರೆ. ನಗಲಿ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಹೆದರಿಕೊಂಡೇ ದುಡಿದೆ. ಬೆಳಿಗ್ಗೆ ಶೆಡ್ಡಿನ ಬೀಗ ತೆಗೆಯುವಾಗ ಇಲಿ ಬಟ್ಟೆ ಕಡಿದಿರಬಹುದೇ ಎಂಬ ಹೆದರಿಕೆ. ಸಂಜೆ ಬೀಗ ಹಾಕಿದ ಮೇಲೆ ಬಣ್ಣದ ಬಟ್ಟಲು ಮುಚ್ಚಿದೆನೋ ಇಲ್ಲವೋ ಎಂಬ ಹೆದರಿಕೆ. ಅರ್ಧ ದಾರಿಯಿಂದ ವಾಪಸು ಹೋಗಿ ನೋಡಿ ಬಂದದ್ದು ಎಷ್ಟು ಸಲವೋ. "ನಿಮ್ಮ ಕಾರ್ಖಾನಿ ಗೌಡ್ರು ನಿನಗ ಸಂಬಳ ಕೊಡೋದು ಚಿತ್ರಕ್ಕಲ್ಲ, ಚಿಂತಿಗೆ" ಎಂದು ನನ್ನ ಗಂಡ ಹಂಗಿಸುತ್ತಿದ್ದರು.

ನನ್ನ ಹೆಸರು ಸರೋಜಾ. ಬಳ್ಳಾರಿಯಲ್ಲಿ ರೇಷ್ಮೆ ಬಟ್ಟೆಯ ಮೇಲೆ ಚಿತ್ರ ಬರೆಯುವ ಒಂದು ಕಾರ್ಖಾನೆಯಲ್ಲಿದ್ದು, ಎರಡು ವರ್ಷದ ಹಿಂದೆ ಬಿಟ್ಟು ಮನೆಯಲ್ಲಿ ಕೂತವಳು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತಗಡಿನ ಮಾಡಿನ ಉದ್ದನೆಯ ಶೆಡ್ಡು, ಹತ್ತು ಹನ್ನೆರಡು ಮಂದಿ, ಹಿತ್ತಲಲ್ಲಿ ಹಬೆಯ ಡ್ರಮ್ಮು. ಅಕ್ಕಪಕ್ಕದ ಓಣಿಗಳಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮಷೀನುಗಳು ದಿನವಿಡೀ ಗಡಗಡ ಎನ್ನುತ್ತಿದ್ದವು. ನಮ್ಮ ಶೆಡ್ಡಿನಲ್ಲಿ ಮಾತ್ರ ಕೆಮ್ಮುವವರೂ ಹೊರಗೆ ಹೋಗಿ ಕೆಮ್ಮಿ ಬರಬೇಕಿತ್ತು. ಪಲ್ಲವಿ ಎಂಬ ಕುರುಗೋಡಿನ ಹುಡುಗಿ ಈ ವರ್ಷ ಅಲ್ಲಿ ಸೇರಿದ್ದಾಳೆ. ಕಾರ್ಖಾನೆಯ ಹತ್ತಿರವೇ ರೂಮು ಮಾಡಿಕೊಂಡಿದ್ದಾಳೆ, ರಜೆಯ ದಿನ ನನ್ನ ಬಳಿ ಕಲಿಯಲು ಬರುತ್ತಾಳೆ. ಕೈ ಬಹಳ ಚುರುಕು, ಕಿವಿ ಅಷ್ಟಕ್ಕಷ್ಟೆ. "ನೀವು ಹೇಳಿದ್ದೆಲ್ಲ ಮನಿ ಮುಟ್ಟೂದ್ರಾಗ ಮರ್ತು ಹೋಗ್ತೈತ್ರಿ ಮೇಡಂ, ಬರದು ಕೊಟ್ಟುಬಿಡ್ರಿ" ಎಂದು ಗಂಟುಬಿದ್ದಳು. ಅವಳ ಕಾಟಕ್ಕೆ ಬರೆಯಲು ಕೂತಿದ್ದೇನೆ.

ರೇಷ್ಮೆಯ ಮೇಲೆ ಬರೆಯುವುದು ಗೋಡೆಯ ಮೇಲೆ, ಕಾಗದದ ಮೇಲೆ ಬರೆದಂತಲ್ಲ. ಬಿಳಿ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು ಮೊದಲು ತೆಳ್ಳನೆಯ ಅಂಟಿನಿಂದ ಗೆರೆ ಎಳೆಯಬೇಕು. ಅದು ಒಣಗಿದ ಮೇಲೆ ಒಳಗೆ ಬ್ರಷ್ಷು ತಾಗಿಸಿದರೆ ಸಾಕು, ಬಣ್ಣ ತಾನೇ ಓಡಿ ಹೋಗಿ ಗೆರೆಗೆ ತಾಗಿ ನಿಲ್ಲುತ್ತದೆ. ಗೆರೆಯಲ್ಲಿ ಸೂಜಿಮೊನೆಯಷ್ಟು ಸಂದು ಇದ್ದರೂ ಹೊರಗೆ ನುಗ್ಗುತ್ತದೆ. ಆಮೇಲೆ ಅಳಿಸುವುದು, ಕೆರೆಯುವುದು, ಮೇಲೆ ಬಿಳಿ ಬಳಿಯುವುದು ಯಾವುದೂ ನಡೆಯುವುದಿಲ್ಲ. ಎಲ್ಲ ಮುಗಿದ ಮೇಲೆ ಬಟ್ಟೆಯನ್ನು ಕಾಗದದೊಳಗೆ ಸುತ್ತಿ ಮೂರು ತಾಸು ಹಬೆಯಲ್ಲಿ ಇಡುತ್ತೇವೆ. ಹಬೆ ಕುಡಿದ ಬಣ್ಣ ಬಟ್ಟೆ ಹರಿಯುವವರೆಗೂ ಹೋಗುವುದಿಲ್ಲ. ಹಬೆಗೆ ಮುನ್ನ ಮಾತ್ರ ಒಂದು ಹನಿ ನೀರು ಬಿದ್ದರೂ ಎಲ್ಲ ಕರಗಿ ಹರಿಯುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸೇರಿದ ಎರಡನೆಯ ವಾರ ನಾನು ನವಿಲಿನ ಕತ್ತಿನ ಗೆರೆಯಲ್ಲಿ ಸಂದು ಬಿಟ್ಟೆ. ನೀಲಿ ಬಣ್ಣ ಕತ್ತಿನಿಂದ ಸೋರಿ ಹಳದಿ ಸೆರಗಿನ ಮೇಲೆ ಹರಡತೊಡಗಿದಾಗ ದಿಕ್ಕು ತೋಚದೆ ಅಂಗೈ ಅಡ್ಡ ಇಟ್ಟೆ. ಸೆರಗೂ ನೀಲಿ, ಕೈಯೂ ನೀಲಿ. ಹಬೆಯ ಕೆಲಸ ನೋಡಿಕೊಳ್ಳುತ್ತಿದ್ದ ಖಾದರ್ ಚಾಚಾ ಬಂದು ನಿಂತು ನೋಡಿದರು. ಎಲ್ಲರಿಗಿಂತ ಹಿರಿಯರು, ಆಗಲೇ ಅರ್ಧ ನೆರೆತ ಗಡ್ಡ, ಎರಡೂ ಕೈಯಲ್ಲಿ ಹಬೆ ಸುಟ್ಟ ಕಲೆ. ಬೈಯುತ್ತಾರೆ ಎಂದು ಕಾದೆ. "ಅಳಬ್ಯಾಡ ಬೇಟಿ. ಇನ್ನ ಹಬೆಗೆ ಹೋಗಿಲ್ಲ. ಹಬೆಗೆ ಹೋಗೂತನಕ ತಪ್ಪು ಅಂಬೋದು ನಿನ್ನ ಕೈಯಾಗ ಐತಿ" ಎಂದರು. ಸೆರಗನ್ನೆಲ್ಲ ನೀರಲ್ಲಿ ಅದ್ದಿ ಹಸಿರು ಮಾಡಿ ಹೇಗೋ ದಾಟಿಸಿದೆವು. ಆ ಸೀರೆಯನ್ನು ಯಾರೋ ಮೆಚ್ಚಿ ಕೊಂಡುಕೊಂಡರಂತೆ, ನಾನು ಮಾತ್ರ ಎರಡು ದಿನ ಊಟ ಬಿಟ್ಟೆ.

ಬಳ್ಳಾರಿಯ ಬಿಸಿಲು ನಮ್ಮ ಇನ್ನೊಬ್ಬ ಮೇಲಧಿಕಾರಿ. ಬೇಸಿಗೆಯಲ್ಲಿ ಬಣ್ಣ ಓಡುವ ಮೊದಲೇ ಒಣಗಿ ಅಂಚು ಕಟ್ಟುತ್ತದೆ. ಅದಕ್ಕೆ ಕಿಟಕಿಗೆಲ್ಲ ಒದ್ದೆ ಗೋಣಿತಟ್ಟು ಕಟ್ಟಿ, ಫ್ಯಾನು ಬಂದ್ ಮಾಡಿ, ಬೆಳಗಾಗುವ ಮೊದಲೇ ಕೆಲಸ ಹಿಡಿಯುತ್ತಿದ್ದೆವು. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳಲ್ಲಂತೂ ಕೆಂಪು ಧೂಳಿನ ಕಾಟ ಹೇಳತೀರದು. ಒಮ್ಮೆ ಯಾರೋ ಬಾಗಿಲು ಅರ್ಧ ತೆರೆದು ಹೋದದ್ದಕ್ಕೆ, ನಾನು ಒಂಬತ್ತು ದಿನ ಬರೆದ ಬಿಳಿ ಕೊಕ್ಕರೆಗಳ ಸಾಲಿಗೆಲ್ಲ ಮೈಗೆ ದಡಾರ ಎದ್ದಂತೆ ಕೆಂಪು ಚುಕ್ಕೆ. ಇವತ್ತಿಗೂ ತೆರೆದ ಬಾಗಿಲು ಕಂಡರೆ ಎದ್ದು ಹೋಗಿ ಮುಚ್ಚುತ್ತೇನೆ, ಬೇರೆಯವರ ಮನೆಯಲ್ಲೂ.

ಮೊದಲೆಲ್ಲ ನಮ್ಮಲ್ಲಿ ನವಿಲು, ಕೊಕ್ಕರೆ, ಮಾವಿನಕಾಯಿ, ಕಮಲ, ಇಷ್ಟೆ. ಮುಳ್ಳು, ಕಳ್ಳಿ ಬಂದದ್ದು ಕುರುಗೋಡಿನಿಂದ. ನಮ್ಮಕ್ಕನನ್ನು ಅಲ್ಲಿಗೆ ಕೊಟ್ಟಿತ್ತು. ಅವಳ ಮನೆಗೆ ಹೋದಾಗ ಗುಡ್ಡದ ಬುಡದಲ್ಲಿ ಕೂತು ಪಾಪಸಕಳ್ಳಿಯ ಹೂವನ್ನೂ, ಬಂಡೆಯ ಮೇಲೆ ಕೆಂಪು ತಲೆ ಎತ್ತಿ ಕೂತ ಓತಿಕ್ಯಾತವನ್ನೂ, ಬೇಲಿಗೆ ಹಬ್ಬಿದ ಮಂಗರವಳ್ಳಿಯನ್ನೂ ಪುಸ್ತಕದಲ್ಲಿ ಬರೆದುಕೊಂಡು ಬಂದೆ. ಒಂದು ಸಣ್ಣ ಶಾಲಿನ ಮೇಲೆ ಅದನ್ನೇ ಇಳಿಸಿದೆ. ಒದ್ದೆ ಬಣ್ಣದ ಮೇಲೆ ಕಲ್ಲುಪ್ಪು ಉದುರಿಸಿದರೆ ಉಪ್ಪು ಬಣ್ಣ ಹೀರಿ ಬಂಡೆಯ ಮೇಲಿನ ಪಾಚಿಯಂಥ ಕಲೆ ಮೂಡುತ್ತದೆ, ಅದನ್ನೂ ಮಾಡಿದೆ. ಮಾಲೀಕರಾದ ರುದ್ರಗೌಡ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸರೋಜವ್ವಾ, ಮುಳ್ಳು ಯಾರರ ಮೈಮ್ಯಾಲ ಹೊದ್ದಕೋತಾರೇನವ್ವಾ?" ಎಂದರು. ಆದರೆ ಕಾಲೇಜಿನ ಮೇಡಂ ಒಬ್ಬರು ಅದನ್ನೇ ಬೇಕೆಂದು ಕೊಂಡರು, ಅವರನ್ನು ನೋಡಿ ನಾಲ್ಕು ಮಂದಿ. ಮುಂದಿನ ವರ್ಷಕ್ಕೆ ನಮ್ಮ ಶೆಡ್ಡಿನ ಗುರುತೇ ಕಳ್ಳಿ ಆಯಿತು. ಗೌಡ್ರು ಮುಳ್ಳಿನ ಮಾತು ಮರೆತು, ಇದು ತಮ್ಮದೇ ವಿಚಾರ ಎಂದು ಬಂದವರಿಗೆಲ್ಲ ಹೇಳತೊಡಗಿದರು.

ಈ ಹುಮ್ಮಸ್ಸಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಸಿರುಗುಪ್ಪದ ರೈಸ್ ಮಿಲ್ಲಿನವರೊಬ್ಬರ ಮನೆ ಮದುವೆಗೆ ಧಾರೆ ಸೀರೆ ಬರೆಯಬೇಕಿತ್ತು. ಅಂಚಿನ ಉದ್ದಕ್ಕೂ ಎಕ್ಕಿ ಹೂ ಬರೆದೆ. ಆ ತಿಳಿ ನೇರಳೆ, ಆ ಮೇಣದಂಥ ಮೊಗ್ಗು, ನನಗೇ ಕಣ್ಣು ತುಂಬಿ ಬಂದಿತ್ತು. ಸೀರೆ ತೆಗೆದುಕೊಂಡು ಹೋದ ಗೌಡ್ರನ್ನು ಕೂರಿಸಿ ಮನೆಯವರು ಚಹ ಕೊಟ್ಟರಂತೆ. ಹುಡುಗನ ಅಜ್ಜಿ ಅಂಚು ಸವರಿ ನೋಡಿ, "ಇದೇನಪ್ಪಾ, ಎಕ್ಕಿ ಹೂವಾ? ನಮ್ಮ ಹುಡುಗಗ ಇದು ಮೂರನೇ ಮದುವಿ ಅಂತ ಊರಿಗೆಲ್ಲ ಸಾರಾಕ ಹೊಂಟೀರೇನು?" ಎಂದು ಕೂಗಾಡಿದಳಂತೆ. ಇಬ್ಬರು ಹೆಂಡಿರನ್ನು ಕಳೆದುಕೊಂಡವನಿಗೆ ಮೂರನೆಯ ಮದುವೆಗೆ ಮುಂಚೆ ಎಕ್ಕಿ ಗಿಡಕ್ಕೆ ತಾಳಿ ಕಟ್ಟಿಸುವ ಪದ್ಧತಿ ನಮ್ಮ ಕಡೆ ಉಂಟು. ನನಗೂ ಗೊತ್ತಿತ್ತು. ಹೂವಿನ ಚೆಲುವು ನೋಡುತ್ತ ನೋಡುತ್ತ ಗಿಡದ ವಿಚಾರ ಮರೆತೇ ಹೋಗಿತ್ತು. ಗೌಡ್ರು ಚಹ ಅರ್ಧಕ್ಕೆ ಬಿಟ್ಟು ಬಂದರು. ಅವತ್ತಿನಿಂದ ಮದುವೆ ಸೀರೆಯ ನಕ್ಷೆಯನ್ನೆಲ್ಲ ಅವರ ತಾಯಿಗೆ ಮೊದಲು ತೋರಿಸುವ ರೂಢಿ ಬಂತು.

ಇನ್ನೊಂದು ಸಲ ಚಿಗರಿ ಜಿಂಕೆಗಳ ಹಿಂಡು ಬರೆದು ಎಲ್ಲಕ್ಕೂ ಕೋಡು ಇಟ್ಟೆ. ನಾನು ನೋಡಿದ್ದು ಬಸ್ಸಿನ ಕಿಟಕಿಯಿಂದ ಒಂದೇ ಒಂದು ಗಂಡು ಚಿಗರಿ. ಕೊಳ್ಳಲು ಬಂದವರೊಬ್ಬರು ಮುಸಿಮುಸಿ ನಕ್ಕು, "ಹೆಣ್ಣು ಚಿಗರಿಗೆ ಕೋಡು ಇರೂದಿಲ್ಲಮ್ಮಾ, ಮರಿಗೂ ಕೋಡು ಇಟ್ಟೀರಲ್ರಿ" ಎಂದರು. ಗೌಡ್ರಿಗೆ ಅವಮಾನ ಆಯಿತು. ಅವತ್ತೇ ಒಂದು ಕಾಯಿದೆ ಮಾಡಿದರು. ನೋಡದ್ದನ್ನು ಬರೆಯಕೂಡದು. ನೋಡಿದ್ದನ್ನು ನೋಡಿದ ಹಾಗೆ, ಗಿಡ ಇದ್ದಲ್ಲಿ ಗಿಡ, ಕಲ್ಲು ಇದ್ದಲ್ಲಿ ಕಲ್ಲು ಬರೆಯಬೇಕು. ನನಗೂ ಅದು ಸರಿ ಎನಿಸಿತು. ಪುಸ್ತಕ ಹಿಡಿದು ಮೋಕ, ಕೊಳಗಲ್ಲು, ತೆಕ್ಕಲಕೋಟೆ ಕಡೆಯ ಹೊಲಗಳನ್ನೆಲ್ಲ ಸುತ್ತಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದರಲ್ಲಿ ಸರೋಜಮ್ಮನನ್ನು ಮೀರಿಸುವವರಿಲ್ಲ ಎಂಬ ಹೆಸರು ಬಂತು. ಆ ಹೆಸರು ನನ್ನ ತಲೆಗೆ ಏರಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಇನ್ನು ಎರೆಭೂತದ ವಿಚಾರ. ಕರಿ ಎರೆ ಹೊಲಗಳಲ್ಲಿ ತಿರುಗುವ ದೊಡ್ಡ ಹಕ್ಕಿ ಅದು. ಆಳಿನ ಎದೆಯುದ್ದ, ಬಿಳಿ ಕತ್ತು, ತಲೆಯ ಮೇಲೆ ಕರಿ ಟೋಪಿ ಇಟ್ಟಂತೆ. ನಮ್ಮ ನಾಡಿನಲ್ಲಿ ಈಗ ಅದು ಇಲ್ಲವೆನ್ನುವಷ್ಟು ಕಡಿಮೆ. ಸಿರುಗುಪ್ಪ ತಾಲೂಕಿನ ಬಯಲಲ್ಲಿ ಅಷ್ಟೋ ಇಷ್ಟೋ ಉಳಿದಿವೆ. ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ದನ ತುಳಿದರೂ ಹೋಯಿತು, ನಾಯಿ ಮೂಸಿದರೂ ಹೋಯಿತು, ತಾಯಿ ಬೆದರಿ ಬಿಟ್ಟು ಹೋದರೂ ಹೋಯಿತು.

ಒಂದು ದೊಡ್ಡ ಸಭಾಂಗಣದ ಗೋಡೆಗೆ ಎರಡಾಳುದ್ದದ ರೇಷ್ಮೆ ಚಿತ್ರ ಬೇಕು, ಈ ಸೀಮೆಯ ಪ್ರಾಣಿಯೇ ಇರಬೇಕು ಎಂದು ಕೇಳಿ ಬಂದಾಗ ಎರೆಭೂತ ಬರೆಯುತ್ತೇನೆ ಎಂದು ನಾನೇ ಹೇಳಿದೆ. ನೋಡದೆ ಬರೆಯುವ ಹಾಗಿಲ್ಲವಲ್ಲ, ವಾರಗಟ್ಟಲೆ ಅಲೆದೆ. ಕೊನೆಗೆ ಹುಲುಗಪ್ಪ ಎಂಬ ಕುರಿ ಕಾಯುವವನು ಸಿಕ್ಕ. ನನಗಿಂತ ಸ್ವಲ್ಪ ಚಿಕ್ಕವನು, ಮಾತು ಕಡಿಮೆ. ಮೂರು ದಿನ ನನ್ನನ್ನು ಅಳೆದು ನೋಡಿ, ನಾಲ್ಕನೆಯ ದಿನ ಕರೆದುಕೊಂಡು ಹೋದ. "ಅಕ್ಕಾ, ಇಲ್ಲಿ ಮೊಟ್ಟಿ ಇಟ್ಟೈತಿ ಅಂತ ನಮ್ಮ ಮನ್ಯಾಗೂ ಹೇಳಿಲ್ಲ. ಯಾರಿಗೂ ಬಾಯಿ ಬಿಡಬ್ಯಾಡ" ಎಂದ. ಮೈಲಾರಲಿಂಗನ ಮೇಲೆ ಆಣೆ ಮಾಡಿಸಿಕೊಂಡ. ಜಾಲಿಯ ಮರೆಯಲ್ಲಿ ಬೋರಲು ಮಲಗಿ ದೂರದಿಂದ ನೋಡಿದೆ. ಹುಲ್ಲಿನ ನಡುವೆ ಕೂತ ತಾಯಿ ಕಲ್ಲಿನ ಹಾಗೆ ಅಲುಗದೆ ಇದ್ದಳು. ಹಿಂದೆ ಕಮಾನು ಬಿದ್ದ ಹಳೆಯ ಬಾವಿ, ಪಕ್ಕಕ್ಕೆ ಕವಲೊಡೆದ ಬೇವಿನ ಮರ, ಆಚೆಗೆ ನಡು ಬಗ್ಗಿದ ಗುಡ್ಡ. ಈ ಮೂರರಲ್ಲಿ ಎರಡನ್ನು ನಾನು ಇಲ್ಲಿ ಬದಲಿಸಿ ಬರೆದಿದ್ದೇನೆ. ಯಾವ ಎರಡು ಎಂದು ಕೇಳಬೇಡಿ.

ಅವತ್ತು ಮಾತ್ರ ಏನನ್ನೂ ಬದಲಿಸಲಿಲ್ಲ. ಶೆಡ್ಡಿಗೆ ಬಂದು ಒಂದೇ ಸಮನೆ ಬರೆದೆ. ಹಕ್ಕಿಯ ಕತ್ತಿನ ಗೆರೆ, ಬಾವಿಯ ಬಿದ್ದ ಕಲ್ಲು ಎಷ್ಟು, ಬೇವಿನ ಕವಲು ಯಾವ ಕಡೆಗೆ, ಗುಡ್ಡದ ಬೆನ್ನು ಎಲ್ಲಿ ಬಗ್ಗಿದೆ, ಎಲ್ಲ ಪುಸ್ತಕದಲ್ಲಿದ್ದ ಹಾಗೆಯೇ. ಎರೆಯ ಬಿರುಕಿಗೆ ಕಲ್ಲುಪ್ಪು ಉದುರಿಸಿದ್ದು ಅದ್ಭುತವಾಗಿ ಮೂಡಿತ್ತು. ಮುಗಿಯುವ ಹೊತ್ತಿಗೆ ತಿಂಗಳಿಗೂ ಮೇಲಾಗಿತ್ತು. ಆ ದಿನಗಳಲ್ಲಿ ಒಂದು ಗಳಿಗೆಯೂ ಹುಲುಗಪ್ಪನ ಮಾತು ಮನಸ್ಸಿಗೆ ಬರಲಿಲ್ಲ. ಯಾಕೆ ಬರಬೇಕು, ನಾನು ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಅಷ್ಟು ದಿನಕ್ಕೆ ಮರಿ ಎದ್ದು ಹೋಗಿರುತ್ತದೆ ಎಂದು ಕೂಡ ಯೋಚಿಸಲಿಲ್ಲ. ಬಣ್ಣ ಬಿಟ್ಟರೆ ಬೇರೆ ಯೋಚನೆಯೇ ಇರಲಿಲ್ಲ.

ಮರುದಿನ ಹಬೆಗೆ ಇಡುವುದು ಎಂದಾಗ, ಸಭಾಂಗಣದವರ ಪರಿಚಯದವರು ಎಂದು ಒಬ್ಬರು ನೋಡಲು ಬಂದರು. ಕೊರಳಲ್ಲಿ ಕ್ಯಾಮೆರಾ. ಹಕ್ಕಿಗಳ ಫೋಟೋ ತೆಗೆಯುವ ಹುಚ್ಚಂತೆ. ಬಟ್ಟೆಯ ಮುಂದೆ ನಿಂತವರೇ ಫೋನು ತೆಗೆದು ಪಟಪಟ ಫೋಟೋ ಹೊಡೆದುಕೊಂಡರು. ನಾನು ಸೆರಗು ಸರಿಮಾಡಿಕೊಂಡು ಬಟ್ಟೆಯ ಪಕ್ಕದಲ್ಲಿ ಹಲ್ಲು ಕಿರಿದು ನಿಂತೆ. ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

"ಇದು ಕಲ್ಪನೆ ಏನ್ರಿ?" ಎಂದು ಕೇಳಿದರು.

"ಅಲ್ಲ ಬಿಡ್ರಿ, ಇದ್ದದ್ದು ಇದ್ದಂಗ ಬರದೀನಿ. ಒಂದು ಕಲ್ಲು ಆಕಡಿ ಈಕಡಿ ಇಲ್ಲ" ಎಂದೆ.

"ಹಂಗಾರ ಈ ಬಾವಿ ನಾ ನೋಡೀನ್ರಿ. ರಸ್ತಾದ ಮ್ಯಾಗಿಂದನ ಕಾಣ್ತೈತಿ" ಎಂದು ನಕ್ಕು, ಫೋನು ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು. "ಹಿಂದಿನ ವರ್ಷ ಅಲ್ಲೆ ಎಲ್ಲಾರ ಹೊಲಾ ಸುತ್ತೀನಿ, ಒಂದು ಹಕ್ಕಿ ಸಿಕ್ಕಿಲ್ಲ ನೋಡ್ರಿ" ಎಂದು ಬಾಗಿಲಲ್ಲಿ ಹೇಳಿದ್ದು ಕೇಳಿಸಿತು.

ಆಗ ಹುಲುಗಪ್ಪನಿಗೆ ಮಾಡಿದ ಆಣೆ ನೆನಪಾಯಿತು. ಅವರು ಕೆಟ್ಟವರೇ ಇರಬೇಕೆಂದಿಲ್ಲ. ಫೋಟೋ ತೆಗೆಯುವ ಆಸೆಗೆ ಹೊಲದೊಳಗೆ ಕಾರು ಹೊಡೆದರೆ ಸಾಕು. ಅವರು ಇಬ್ಬರಿಗೆ ಹೇಳಿದರೆ, ಆ ಇಬ್ಬರು ಇನ್ನಿಬ್ಬರಿಗೆ. ಅವರೆಲ್ಲ ಹೋಗಲಿ, ಈ ಬಟ್ಟೆ ನಾಳೆ ಸಭಾಂಗಣದ ಗೋಡೆ ಏರಿದರೆ ದಿನಕ್ಕೆ ನೂರಾರು ಮಂದಿ ನೋಡುತ್ತಾರೆ. ಆ ಹಕ್ಕಿ ವರ್ಷ ವರ್ಷ ಅದೇ ಬಯಲಿಗೆ ಬರುತ್ತದೆ ಎಂದು ಹುಲುಗಪ್ಪನೇ ಹೇಳಿದ್ದ. ಈ ಚಿತ್ರ ಇರುವವರೆಗೂ ಅದಕ್ಕೆ ಉಳಿಗಾಲವಿಲ್ಲ ಎನಿಸಿತು.

ಖಾದರ್ ಚಾಚಾನ ಬಳಿಗೆ ಹೋಗಿ, ನಾಳೆ ಹಬೆಗೆ ಇಡಬೇಡಿ ಎಂದೆ. ಯಾಕೆ ಎಂದರು. ಎಲ್ಲ ಹೇಳಿಬಿಟ್ಟೆ. ಆಣೆ ಮುರಿದದ್ದು ಅದೊಂದೇ ಸಲ, ಅದೊಬ್ಬರ ಮುಂದೆ. ಚಾಚಾ ಗಡ್ಡ ತುರಿಸುತ್ತ ಬಟ್ಟೆಯ ಬಳಿಗೆ ಬಂದು ನೋಡಿದರು. "ಇಂಥಾ ಕೆಲಸ ನಾ ನೋಡಿಲ್ಲ ಬೇಟಿ" ಎಂದರು. ಆಮೇಲೆ ಹಿತ್ತಲಿಗೆ ಹೋಗಿ ಬಕೆಟ್ ತುಂಬ ನೀರು, ಒಂದು ಅಗಲ ಬ್ರಷ್ಷು ತಂದು ನನ್ನ ಮುಂದೆ ಇಟ್ಟರು. "ಹಬೆ ಹತ್ತಿದ್ ಮ್ಯಾಲ ನಾನೂ ಏನ್ ಮಾಡಾಕ ಬರಂಗಿಲ್ಲ. ಈಗಾದ್ರ ನೀರು ಐತಿ" ಎಂದು, ನನ್ನ ಮುಖ ನೋಡದೆ ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು.

ಬ್ರಷ್ಷು ನೀರಿನಲ್ಲಿ ಅದ್ದಿ ಗುಡ್ಡದಿಂದ ಶುರು ಮಾಡಿದೆ. ಗುಡ್ಡದ ಬೆನ್ನು ಕರಗಿ ಬೇವಿನ ಮೇಲೆ ಇಳಿಯಿತು, ಬೇವು ಬಾವಿಯ ಮೇಲೆ. ಹಕ್ಕಿಯನ್ನಾದರೂ ಉಳಿಸಿಕೊಳ್ಳಬೇಕೆಂದು ನೋಡಿದೆ. ಆಗಲಿಲ್ಲ. ಅಂಟಿನ ಗೆರೆಯೊಳಗೂ ನೀರು ಹೊಕ್ಕು ಆ ಬಿಳಿ ಕತ್ತು ಕೆಸರಿನ ಬಣ್ಣವಾಯಿತು. ಗಟ್ಟಿಯಾಗಿ ಅತ್ತೆ. ಹೊರಗೆ ಚಾಚಾಗೆ ಕೇಳಿಸಿರಬೇಕು, ಒಳಗೆ ಬರಲಿಲ್ಲ.

ರುದ್ರಗೌಡ್ರು ಬಂದು ನೋಡಿದಾಗ, ಬಕೆಟ್ ಎಡವಿ ನೀರು ಚೆಲ್ಲಿದೆ ಎಂದು ಸುಳ್ಳು ಹೇಳಿದೆ. ನಿಜ ಹೇಳಿದರೆ ಜಾಗವನ್ನೂ ಹೇಳಬೇಕಾಗುತ್ತದೆ, ಗೌಡ್ರ ಬಾಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. "ಇಷ್ಟು ವರ್ಷದಾಗ ನಿನ್ನ ಕೈಯಿಂದ ಒಂದು ಹನಿ ಚೆಲ್ಲಿದ್ದು ನಾ ನೋಡಿಲ್ಲ ಸರೋಜವ್ವಾ. ವಯಸ್ಸಾತೇನು?" ಎಂದರು. ಸಭಾಂಗಣಕ್ಕೆ ಬೇರೆಯವರು ಕಳ್ಳಿ ಗಿಡಗಳ ಚಿತ್ರ ಬರೆದು ಕೊಟ್ಟರು. ನನಗೆ ಒಂದು ವರ್ಷ ಅಂಚು ತುಂಬುವ ಕೆಲಸವೇ ಬಂತು. ಗೌಡ್ರೇ, ನೀವು ಇದನ್ನು ಓದುತ್ತಿದ್ದರೆ, ಅವತ್ತು ಬಕೆಟ್ ಎಡವಿದ್ದಲ್ಲ.

ಬಟ್ಟೆ ತೊಳೆದರೂ ಅವರ ಫೋನಿನಲ್ಲಿ ಚಿತ್ರ ಉಳಿದೇ ಇತ್ತು. ನೀರು ಹಾಕಿದ ಮರುದಿನವೇ ಹಲ್ಲುನೋವೆಂದು ಸುಳ್ಳು ಹೇಳಿ ರಜೆ ಹಾಕಿ ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎದುರಿಗೆ ಬರುವ ಪ್ರತಿ ಕಾರಿನೊಳಗೂ ಇಣುಕಿ ನೋಡುತ್ತಿದ್ದೆ. ಇಳಿದು ಆಟೊ ಹಿಡಿದು, ಉಳಿದದ್ದು ನಡೆದು ಹೋದೆ. ಹುಲುಗಪ್ಪ ಕುರಿಗಳನ್ನು ಬಿಟ್ಟುಕೊಂಡು ನಿಂತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ. ಆಗಲೇ ನನಗೆ ಗೊತ್ತಾಯಿತು.

"ನಸುಕಿನ್ಯಾಗ ಕಾರು ಬಂದಿತ್ತು" ಎಂದ. "ಫೋನಿನ್ಯಾಗ ಚಿತ್ರ ತೋರ್ಸಿದ್ರು. ಬಾವಿ, ಗಿಡ, ಎಲ್ಲಾ. ನೀ ಬಾಯಿಲೆ ಹೇಳಲಿಲ್ಲಕ್ಕಾ, ಬಣ್ಣದಲೆ ಹೇಳಿಬಿಟ್ಟಿ."

ಮೊಟ್ಟೆ ಏನಾಯಿತು ಎಂದು ಕೇಳಲು ಧೈರ್ಯ ಸಾಲಲಿಲ್ಲ.

"ಮೊದಲ ಇಟ್ಟಿದ್ದನ್ನ ನರಿ ತಿಂದಿತ್ತು. ಮತ್ತೊಂದು ಇಟ್ಟೈತಿ, ಅಲ್ಲೇ ಸಮೀಪ. ಕಾರಿನವ್ರಿಗೆ ಇಂಥಾ ಬಾವಿ ಕುರುಗೋಡು ಕಡಿ ಒಂದೈತಿ, ಅಲ್ಲಿ ಹೋಗ್ರಿ ಅಂತ ಸುಳ್ಳು ಹೇಳಿ ಕಳಸೀನಿ. ಆದ್ರ ಕಾರಿನ ಸಪ್ಪಳಕ್ಕ ತಾಯಿ ಎದ್ದು ಹೋಗ್ಯಾಳ. ಇನ್ನ ಬಂದಿಲ್ಲ."

ಹೊತ್ತು ಏರಿತ್ತು. ನಮ್ಮ ಸೀಮೆಯ ಬಿಸಿಲಿಗೆ ಬರೀ ನೆಲದ ಮೇಲಿನ ಮೊಟ್ಟೆ ಎಷ್ಟು ಹೊತ್ತು ತಡೆದೀತು? ಹೋಗಿ ಒದ್ದೆ ಬಟ್ಟೆ ಹೊದಿಸಿ ಬರಲೇ ಎಂದೆ. ಹುಲುಗಪ್ಪ ಗದರಿದ. "ನಿನ್ನ ಹೆಜ್ಜಿ ವಾಸನಿ ಹಿಡಕೊಂಡು ನಾಯಿ ಬರ್ತಾವ. ಸುಮ್ಕ ಕುಂದ್ರು." ಬಹಳ ದೂರದ ಜಾಲಿಯ ನೆರಳಿನಲ್ಲಿ ಕೂತೆವು. ಶೆಡ್ಡಿನಲ್ಲಿ ಏನು ಕೆಟ್ಟರೂ ಓಡಾಡಿ, ನೀರು ತಂದು, ಏನಾದರೂ ಮಾಡುತ್ತಿದ್ದೆ. ಇಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಹದ್ದೊಂದು ಮೇಲೆ ಸುತ್ತುತ್ತಿದ್ದರೆ ಅದರ ಸುತ್ತು ಎಣಿಸುತ್ತಿದ್ದೆ. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಹುಲುಗಪ್ಪ ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟ, ಕೈಯಲ್ಲೇ ಹಿಡಿದು ಕೂತೆ.

ನಮ್ಮ ನೆರಳು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಬರುವ ಹೊತ್ತಿಗೆ ಹುಲುಗಪ್ಪ ನನ್ನ ಮೊಣಕೈ ಮುಟ್ಟಿದ. ಹುಲ್ಲಿನ ಮೇಲೆ ಬಿಳಿ ಕತ್ತು ಕಾಣಿಸಿತು. ನಾಲ್ಕು ಹೆಜ್ಜೆ ನಡೆದು ನಿಲ್ಲುವುದು, ನೋಡುವುದು, ಮತ್ತೆ ನಾಲ್ಕು ಹೆಜ್ಜೆ. ಹೋದ ದಾರಿಯಲ್ಲೇ ವಾಪಸು ತಿರುಗಿದಳು, ಮತ್ತೆ ಬಂದಳು. ಕೊನೆಗೆ ಒಂದು ಕಡೆ ನಿಂತು, ತಲೆ ಬಗ್ಗಿಸಿ ನೋಡಿ, ರೆಕ್ಕೆ ಸ್ವಲ್ಪ ಸಡಿಲಿಸಿ ಕೂತಳು. ಆಗ ಕೈಯಲ್ಲಿದ್ದ ರೊಟ್ಟಿ ತಿಂದೆ.

"ಇನ್ನ ನೀ ಬರಬ್ಯಾಡಕ್ಕಾ" ಎಂದ ಹುಲುಗಪ್ಪ. ಸಿಟ್ಟಿರಲಿಲ್ಲ. ನಾನು ಹೋಗಲಿಲ್ಲ. ಆ ಮೊಟ್ಟೆ ಮರಿಯಾಯಿತೋ, ಬಿಸಿಲಿಗೆ ಕೆಟ್ಟಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೆಲಸದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಕೊನೆಗೆ ಏನಾಯಿತು ಎಂದು ತಿಳಿಯದೆ ಉಳಿದದ್ದು ಇದೊಂದೇ.

ಆಮೇಲೆ ನನ್ನ ಪದ್ಧತಿ ಬದಲಿಸಿಕೊಂಡೆ. ಗಿಡದ ಎಲೆ, ಹಕ್ಕಿಯ ಗರಿ, ಓತಿಕ್ಯಾತದ ಬೆರಳು ಇವುಗಳಲ್ಲಿ ಒಂದು ಕೂದಲೆಳೆ ಆಚೀಚೆ ಮಾಡಬೇಡಿ. ಆದರೆ ಹಿಂದಿನ ಗುಡ್ಡ ಬೇರೆ ಊರಿನದಾಗಲಿ, ಮರ ಇನ್ನೊಂದು ಹೊಲದ್ದಾಗಲಿ, ಬಾವಿ ಇಲ್ಲದಿದ್ದರೂ ನಡೆಯುತ್ತದೆ. ಕಾರ್ಖಾನೆ ಬಿಡುವವರೆಗೂ ಹೀಗೆಯೇ ಬರೆದೆ. "ಸರೋಜಮ್ಮಗ ಈಗೀಗ ಗುಡ್ಡ ಸರಿ ಬರಂಗಿಲ್ಲ" ಎಂದು ಹಿಂದಿನಿಂದ ಆಡಿಕೊಂಡವರೂ ಇದ್ದರು. ಆಡಿಕೊಳ್ಳಲಿ ಎಂದು ಸುಮ್ಮನಿದ್ದೆ.

ಇಷ್ಟು ಬರೆದು, ಹೊಸಬರಿಗೆ ಒಳ್ಳೆಯದಾಗಲಿ ಎಂದು ಒಂದು ಸಾಲು ಸೇರಿಸಿ ಮುಗಿಸಬೇಕೆಂದಿದ್ದೆ. ಈಗ ಒಂದು ಗಳಿಗೆಯ ಹಿಂದೆ ಪಲ್ಲವಿ ಬಂದಳು. ಮುಖದ ತುಂಬ ನಗು. "ಮೇಡಂ, ನಿನ್ನಿ ಊರಿಗೆ ಹೋಗಿದ್ದೆ, ಏನ್ ಸಿಕ್ಕೈತಿ ನೋಡ್ರಿ" ಎಂದು ಪುಸ್ತಕ ಬಿಚ್ಚಿದಳು. ಕುರುಗೋಡಿನ ಗುಡ್ಡದ ಬಂಡೆಯ ಬಿರುಕಿನಲ್ಲಿ ಕೊಂಬಿನ ಗೂಬೆ, ನಮ್ಮ ಮಾತಿನಲ್ಲಿ ಗೂಗಿ, ಅದರ ಎರಡು ಬಿಳಿ ಮರಿಗಳು. ಎಷ್ಟು ಚೆಂದ ಬರೆದಿದ್ದಾಳೆ ಎಂದರೆ ಮರಿಯ ಕಣ್ಣಲ್ಲಿ ಬೆಳಕು ಮೂಡಿತ್ತು. ಹಿಂದೆ ಕಳ್ಳಿಯ ಮೆಳೆ, ಅದರ ಎಡಕ್ಕೆ ಒಂದರ ಮೇಲೊಂದು ಕೂತ ಮೂರು ಗುಂಡುಕಲ್ಲು. ಎಳೆಯ ವಯಸ್ಸಿನಲ್ಲಿ ಅಕ್ಕನ ಮನೆಗೆ ಹೋದಾಗ ಆ ಗುಂಡಿನ ಕೆಳಗೇ ನಾನು ಕೂರುತ್ತಿದ್ದೆ. ಮಾಟ ಮಂತ್ರ ಮಾಡುವವರು ಗೂಗಿ ಮರಿಗೆ ಎಷ್ಟು ದೂರದಿಂದ ಬರುತ್ತಾರೆ ಎಂಬುದೂ ನನಗೆ ಗೊತ್ತು.

"ಇದನ್ನ ಯಾರಿಗಾರ ತೋರ್ಸೀ ಏನು?" ಎಂದೆ.

"ಅಯ್ಯ, ಯಾರಿಗೂ ಇಲ್ರಿ ಮೇಡಂ. ಮೊದಲ ನಿಮಗ. ಮುಂಜಾನಿ ಸ್ಟೇಟಸ್ ಇಟ್ಟೀನಿ ಅಷ್ಟ."

ಸ್ಟೇಟಸ್ಸನ್ನು ಅವಳ ಕೈಯಿಂದಲೇ ತೆಗೆಸಿದೆ. ಅಳಿಸುವ ಮೊದಲು ಎಷ್ಟು ಮಂದಿ ನೋಡಿದ್ದಾರೆ ಎಂದು ಕೇಳಿದೆ. ಎಂಬತ್ತಾರು ಎಂದಳು. ಯಾಕೆ ಎಂದು ಅವಳಿಗೆ ಇನ್ನೂ ಅರ್ಥವಾಗಿಲ್ಲ, ನನ್ನ ಮುಖ ನೋಡಿ ಅಳು ಬಂದಂತಾಗಿದೆ. ಸ್ಕೂಟಿ ತಾ, ಈಗಲೇ ಕುರುಗೋಡಿಗೆ ಹೊರಡೋಣ, ದಾರಿಯಲ್ಲಿ ಏನೂ ಕೇಳಬೇಡ ಎಂದು ಕಳಿಸಿದ್ದೇನೆ. ಅವಳು ಬರುವಷ್ಟರಲ್ಲಿ ಇಷ್ಟು ಗೀಚಿದೆ. ಬೇರೆಯವರ ಕೈಗೆ ಕೊಡುವ ಮುನ್ನ ಈ ಗುಂಡುಗಳ ಗುರುತನ್ನೂ ಬದಲಿಸಬೇಕು. ಈ ಹಾಳೆಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಅಲ್ಲಿ ದೂರ ಕೂತು, ತಾಯಿ ಗೂಗಿ ಇದ್ದಾಳೋ ಇಲ್ಲವೋ ಎಂದು ಕಾಯುವಾಗ ಅವಳಿಗೆ ಓದಲು ಬೇಕಾದಷ್ಟು ಹೊತ್ತು ಇರುತ್ತದೆ. ಗೇಟಿನಲ್ಲಿ ಹಾರ್ನು ಕೇಳಿಸುತ್ತಿದೆ.